ಒಂದು ಗ್ರಾಂ ಇದ್ದಲಿನಲ್ಲಿ ಹನ್ನೆರಡು ಗುಂಟೆ

ವಾರದ ದಿನಗಳಲ್ಲಿ ರಂಜನಾಳಿಗೆ ರೊಟ್ಟಿ ಬಡಿಯುವ ಕೆಲಸವಿಲ್ಲ. ಹಂಸಭಾವಿಯ ಆ ಮನೆಯಲ್ಲಿ ಇದು ಕೆಲವು ವರ್ಷಗಳಿಂದ ನಡೆದುಬಂದ ಕಟ್ಟಳೆ. ಅವಳು ಹಿಟ್ಟು ನಾದಲು ಕೂತರೆ ಬೆರಳ ಗೆರೆಗಳಲ್ಲಿ ಉಳಿದ ಕಪ್ಪು ಬಿಳಿಜೋಳದ ಹಿಟ್ಟಿಗೆ ಇಳಿಯುತ್ತದೆ. ಸಾಬೂನು, ನಿಂಬೆಹೋಳು, ತೆಂಗಿನ ನಾರು, ಯಾವುದಕ್ಕೂ ಆ ಕಪ್ಪು ಬಗ್ಗಿಲ್ಲ. ಹೀಗಾಗಿ ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ಕೂರುವವರು ಅತ್ತೆ ಸರೋಜವ್ವ. ರಂಜನಾ ಪಲ್ಯಕ್ಕೆ ಒಗ್ಗರಣೆ ಹಾಕುತ್ತಾಳೆ, ಗಂಡನದೂ ತನ್ನದೂ ಡಬ್ಬಿ ಕಟ್ಟುತ್ತಾಳೆ, ಏಳು ಹತ್ತರ ಬಸ್ಸಿಗೆ ಹೊರಡುತ್ತಾಳೆ. ಗಂಡ ಶಂಭುಲಿಂಗ ಹಿರೇಕೆರೂರಿನ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಅವನ ಕೈಯೂ ಕರಿಯೇ. ಆದರೆ ಅದು ಗ್ರೀಸಿನ ಕರಿ, ಸೀಮೆಎಣ್ಣೆಗೆ ಹೋಗುತ್ತದೆ.

ಚಿಕ್ಕೇರೂರಿನಲ್ಲಿ ಬಸ್ಸು ಹತ್ತುವ ಹೂವಿನವಳೊಬ್ಬಳು ಒಂದು ದಿನ ರಂಜನಾಳ ಕೈಯನ್ನೇ ನೋಡಿ, "ತಲಿಗೆ ಬಣ್ಣ ಹಚ್ಚೋ ಅಂಗಡಿ ಇಟ್ಟೀರೇನ್ರಿ ಅಕ್ಕಾರ?" ಎಂದು ಕೇಳಿದ್ದಳು. ಇಲ್ಲ, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದರೆ ನಂಬಲಿಲ್ಲ. ಈಗ ನಂಬಿದ್ದಾಳೆ. ಹತ್ತಿದವಳೇ ರಂಜನಾಳ ಪಕ್ಕಕ್ಕೆ ಬಂದು ಕೂರುತ್ತಾಳೆ.

ಮೂವತ್ತಾರು ವರ್ಷದ ರಂಜನಾ ಹಾನಗಲ್ಲಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಪ್ರಯೋಗಾಲಯದ ಹಿಂದೆ, ಮೊದಲು ಒಡೆದ ಕುರ್ಚಿಗಳನ್ನು ತುಂಬಿಡುತ್ತಿದ್ದ ಕೋಣೆಯಲ್ಲಿ, ಅವಳದೊಂದು ಭಟ್ಟಿ ಇದೆ. ಮೊಳ ಉದ್ದದ ಕೊಳವೆ, ಸುತ್ತ ಕಾಯುವ ತಂತಿ, ಪಕ್ಕದಲ್ಲಿ ನೈಟ್ರೋಜನ್ ಸಿಲಿಂಡರ್. ಧಾರವಾಡದ ವಿಭಾಗವೊಂದು ಹಳತಾಯಿತೆಂದು ತೆಗೆದಿಟ್ಟಿದ್ದನ್ನು ಪ್ರಾಂಶುಪಾಲರು ಎರಡು ಪತ್ರ ಬರೆದು ತರಿಸಿಕೊಟ್ಟಿದ್ದರು. ಆ ಪತ್ರಗಳ ನಕಲನ್ನು ರಂಜನಾ ಇನ್ನೂ ಇಟ್ಟುಕೊಂಡಿದ್ದಾಳೆ.

ಆ ಭಟ್ಟಿಯಲ್ಲಿ ಅವಳು ಮಾಡುವುದು ಇದ್ದಲು. ಗೋವಿನಜೋಳದ ತೆನೆಯಿಂದ ಕಾಳು ಬಿಡಿಸಿದ ಮೇಲೆ ಬೆಂಡು ಉಳಿಯುತ್ತದೆ. ಈ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ, ಬಚ್ಚಲ ಒಲೆಗೆ ಹೋಗುತ್ತದೆ. ಅದನ್ನು ಗಾಳಿ ತಾಗದಂತೆ, ನೈಟ್ರೋಜನ್ ಹರಿಸುತ್ತ, ಎಂಟುನೂರು ಡಿಗ್ರಿಗೆ ಕಾಯಿಸಿದರೆ ಉರಿದು ಬೂದಿಯಾಗುವುದಿಲ್ಲ, ಗಟ್ಟಿ ಕರಿಯಾಗುತ್ತದೆ. ಆ ಕರಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತೆರೆದುಕೊಂಡರೆ ಅದಕ್ಕೆ ಬೇರೆಯದೇ ಬೆಲೆ ಬರುತ್ತದೆ. ಪುಡಿ ಮಾಡಿ, ಲೋಹದ ತೆಳು ಜಾಲರಿಗೆ ಸವರಿ, ಎರಡು ಜಾಲರಿಗಳ ನಡುವೆ ಉಪ್ಪಿನ ದ್ರಾವಣ ಇಟ್ಟರೆ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಪರ್ ಕೆಪಾಸಿಟರ್ ಎನ್ನುತ್ತಾರೆ. ಬ್ಯಾಟರಿಯಷ್ಟು ಹಿಡಿಯುವುದಿಲ್ಲ, ಆದರೆ ಕ್ಷಣದಲ್ಲಿ ತುಂಬುತ್ತದೆ, ಕ್ಷಣದಲ್ಲಿ ಕೊಡುತ್ತದೆ, ಸಾವಿರಾರು ಸಲ ತುಂಬಿ ತೆಗೆದರೂ ದಣಿಯುವುದಿಲ್ಲ. ವಿದ್ಯುತ್ತು ಕೂರುವುದು ರಂಧ್ರಗಳ ಗೋಡೆಯ ಮೇಲೆ. ಗೋಡೆ ಹೆಚ್ಚಿದ್ದಷ್ಟೂ ಒಳ್ಳೆಯದು.

ಇದನ್ನು ಮಾವ ಮಹಾಲಿಂಗಪ್ಪನವರಿಗೆ ತಿಳಿಸಲು ಅವಳು ಗುಂಟೆಯ ಲೆಕ್ಕ ಹಿಡಿದಳು. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಹಾಸಿದರೆ ಸುಮಾರು ಸಾವಿರದ ಇನ್ನೂರು ಚದರ ಮೀಟರು, ಅಂದರೆ ಹನ್ನೆರಡು ಗುಂಟೆ. ಮಹಾಲಿಂಗಪ್ಪ ಬಾಯೊಳಗಿನ ಅಡಿಕೆಯನ್ನು ಒಂದು ಬದಿಗೆ ಸರಿಸಿದರು.

"ಅಂದ್ರ ನನ್ನ ಹಿತ್ತಲ ಹೊಲ ಪೂರಾ ನಿನ್ನ ಒಂದು ಚಿಟಿಕಿ ಪುಡಿಯಾಗ ಬಂತು," ಎಂದರು. "ಪಹಣಿ ಯಾರ ಹೆಸರಿಗೆ ಐತಿ, ಅದನ್ನ ಹೇಳು."

ಹನ್ನೆರಡು ಗುಂಟೆಯ ಆ ಪುಡಿ ತಯಾರಾದದ್ದು ಎರಡು ಸಾವಿರದ ಇಪ್ಪತ್ಮೂರರ ಫೆಬ್ರುವರಿಯಲ್ಲಿ.

ಅದಕ್ಕೆ ಮೂರು ತಿಂಗಳ ಹಿಂದೆ, ಗೋವಿನಜೋಳದ ರಾಶಿಯ ಹೊತ್ತಿಗೆ, ರಂಜನಾ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಒಂದು ವಾರ ಧಾರವಾಡದಲ್ಲಿದ್ದಳು. ಅಲ್ಲಿಂದಲೇ ಮನೆಗೆ ಫೋನು ಮಾಡಿ, ಮೂವತ್ತು ಬೆಂಡು ಸ್ವಚ್ಛ ಮಾಡಿ ಒಣಗಿಸಿ ಇಡಬೇಕೆಂದೂ ಕಾಲೇಜಿಗೆ ಬೇಕೆಂದೂ ಅತ್ತೆಗೆ ಹೇಳಿದಳು. ಮರಳಿ ಬಂದಾಗ ಬೆಂಡುಗಳು ಹಳೆಯ ಧೋತರದಲ್ಲಿ ಗಂಟು ಕಟ್ಟಿಕೊಂಡು ಕಾಯುತ್ತಿದ್ದವು. ಒಂದಿಷ್ಟೂ ಧೂಳಿರಲಿಲ್ಲ. ಅದೇ ಹೊತ್ತಿಗೆ ಅವಳ ಕಣ್ಣಿಗೆ ಬಿದ್ದದ್ದು ಅತ್ತೆಯ ಅಂಗೈ. ತೊಗಲು ಸುಲಿದು ಗೆರೆಗೆರೆಯಾಗಿ ಒಡೆದಿತ್ತು. ರಾಶಿಯ ದಿನಗಳು, ತೆನೆ ಸುಲಿದು ಹಾಗಾಗಿರಬೇಕು ಎಂದುಕೊಂಡಳು. ಔಷಧದ ಅಂಗಡಿಯಿಂದ ಮುಲಾಮು ತಂದುಕೊಟ್ಟಳು. ಮುಂದಿನ ವರ್ಷ ಇವರಿಗೆ ಈ ಕೆಲಸ ಹಚ್ಚಬಾರದೆಂದು ಅಂದೇ ನಿಶ್ಚಯಿಸಿದಳು.

ಆಗ ಕೆಟ್ಟುನಿಂತಿದ್ದ ಭಟ್ಟಿಯ ರಿಪೇರಿ ಮುಗಿದು ಆ ಬೆಂಡಿನ ಮೊದಲ ಪುಡಿ ಹೊರಬಂದಾಗ ಅದನ್ನು ಅಳೆಯಲು ಧಾರವಾಡಕ್ಕೆ ಕಳಿಸಿದಳು. ಅವಳ ಪಿಎಚ್‌.ಡಿ. ಮಾರ್ಗದರ್ಶಕರು ಅಲ್ಲಿಯ ಪ್ರಾಧ್ಯಾಪಕ ರಾಘವೇಂದ್ರ. ಸವಣೂರಿನವರು, ಹಿರಿಯರೆಲ್ಲ ಸಂಸ್ಕೃತದ ಪಂಡಿತರು, ತಾವೊಬ್ಬರೇ ರಸಾಯನಶಾಸ್ತ್ರಕ್ಕೆ ಬಂದವರು. ಗ್ರಾಂಗೆ ಸಾವಿರದ ನೂರಾ ತೊಂಬತ್ತು ಚದರ ಮೀಟರು ಎಂಬ ಅಂಕಿ ನೋಡಿ ಅವರು ನಂಬದೆ ಮತ್ತೊಮ್ಮೆ ಅಳೆಸಿದರು. ಮತ್ತೆ ಅಷ್ಟೇ ಬಂತು. ಇನ್ನೆರಡು ಸಲ ಹೊಸದಾಗಿ ಮಾಡಿ ತರಲು ಹೇಳಿದರು. ಅದೇ ಗಂಟಿನ ಬೆಂಡಿನಿಂದ ಮಾಡಿ ತಂದಳು. ಎರಡೂ ಸಲ ಹೆಚ್ಚುಕಡಿಮೆ ಅದೇ ಅಂಕಿ.

ಅಂಕಿಗಿಂತ ದೊಡ್ಡದು ಅದರ ಹಿಂದಿನ ಮಾತು. ಇದ್ದಲಿನಲ್ಲಿ ರಂಧ್ರ ತೆರೆಯಲು ಜಗತ್ತಿನಲ್ಲೆಲ್ಲ ಕ್ಷಾರಗುಣದ ಪೊಟ್ಯಾಶಿಯಂ ರಾಸಾಯನಿಕಗಳನ್ನು ಬೆರೆಸಿ ಕಾಯಿಸುತ್ತಾರೆ. ಅವು ಕೊಳವೆಯನ್ನು ತಿನ್ನುತ್ತವೆ, ಕೈ ಸುಡುತ್ತವೆ, ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕೆಂಬುದೇ ಒಂದು ಚಿಂತೆ. ರಂಜನಾಳ ಬೆಂಡಿಗೆ ಏನನ್ನೂ ಬೆರೆಸಿರಲಿಲ್ಲ. ಬರೀ ಶಾಖ. ಹಿರೇಕೆರೂರು ಸೀಮೆಯ ಬೆಂಡು ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಅವಳು ಪ್ರಬಂಧ ಬರೆದಳು. ರಾಘವೇಂದ್ರ ಅದನ್ನು ನಾಲ್ಕು ಸಲ ತಿದ್ದಿ ಒಂದು ವಿದೇಶಿ ಪತ್ರಿಕೆಗೆ ಕಳಿಸಿದರು.

ಪತ್ರಿಕೆಯ ಉತ್ತರ ಬಂದದ್ದು ಮರುವರ್ಷದ ಜನವರಿಯಲ್ಲಿ. ಪರಿಶೀಲಕರಿಗೆ ಕೆಲಸ ಹಿಡಿಸಿತ್ತು. ಒಂದೇ ಒಂದು ಬೇಡಿಕೆ ಇತ್ತು: ಐದು ಸಾವಿರ ಸಲ ಚಾರ್ಜ್ ಮಾಡಿ ನೋಡಿದ್ದನ್ನು ಹತ್ತು ಸಾವಿರಕ್ಕೆ ಏರಿಸಿ ತೋರಿಸಬೇಕು. ಪುಡಿ ಮುಗಿದಿತ್ತು. ಮೂವತ್ತು ಬೆಂಡೂ ಬೇರೆ ಬೇರೆ ಶಾಖದ ಪ್ರಯೋಗಗಳಿಗೆ ಖರ್ಚಾಗಿದ್ದವು. ರಂಜನಾ ಅತ್ತೆಗೆ ತೊಂದರೆ ಕೊಡದೆ ಅಬಲೂರಿನ ಒಂದು ರಾಶಿ ಕಣದಿಂದ ಬೆಂಡು ಮನೆಗೆ ತರಿಸಿ, ಕಾಲೇಜಿಗೆ ಒಯ್ದು, ಪ್ರಯೋಗಾಲಯದಲ್ಲೇ ಬಟ್ಟಿ ಇಳಿಸಿದ ನೀರಿನಿಂದ ಎರಡು ಸಲ ತೊಳೆದು, ಒಣಗಿಸಿ, ಭಟ್ಟಿಗೆ ಹಾಕಿದಳು.

ಬಂದ ಅಂಕಿ ಮುನ್ನೂರ ಅರವತ್ತು. ಹನ್ನೆರಡು ಗುಂಟೆ ಹೋಗಿ ಮೂರೂವರೆ ಗುಂಟೆ.

ಆಮೇಲಿನ ಎರಡು ತಿಂಗಳು ಅವಳು ಬದಲಿಸದೆ ಬಿಟ್ಟದ್ದು ಯಾವುದೂ ಇಲ್ಲ. ಶಾಖ ಏರಿಸಿದಳು, ಇಳಿಸಿದಳು. ಬೇರೆ ಸಿಲಿಂಡರ್ ತರಿಸಿದಳು. ಕಾಯಿಸಿದ ಕರಿಯನ್ನು ಕೊನೆಗೆ ತೊಳೆಯುವ ಆಸಿಡ್ಡಿನ ಹೊಸ ಬಾಟಲಿ ತೆರೆದಳು. ಎರಡು ವರ್ಷ ಬಿತ್ತಿದ ಬೀಜದ ತಳಿ ಬೇರೆಯೇನೋ ಎಂದು ಮಾವನನ್ನು ಕೇಳಿದಳು. ಅದೇ ತಳಿ. ಮಣ್ಣಿನ ವ್ಯತ್ಯಾಸವೇನೋ ಎಂದು ಮನೆಯ ಹಿತ್ತಲಲ್ಲಿ ಬಿದ್ದಿದ್ದ ಬೆಂಡನ್ನೇ ನಾಲ್ಕು ಆರಿಸಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ತೊಳೆದು ಕಾಯಿಸಿದಳು. ಮುನ್ನೂರ ನಲವತ್ತು.

ಈ ಎಲ್ಲದರಲ್ಲೂ ಅವಳ ಜೊತೆಗಿದ್ದವರು ಅಟೆಂಡರ್ ದಾದಾಪೀರ. ಐವತ್ತು ದಾಟಿದ ಅವರು ಸವಣೂರಿನವರು. ಕಾಲೇಜಿಗೆ ಸೇರುವ ಮೊದಲು ಹನ್ನೆರಡು ವರ್ಷ ತಮ್ಮ ಚಿಕ್ಕಪ್ಪನ ಖಾರದ ಭಟ್ಟಿಯಲ್ಲಿ ಕಡಲೆ, ಅವಲಕ್ಕಿ ಕರಿದವರು. ಬೆಂಕಿಯ ಮೇಲೆ ಅವರಿಗೊಂದು ಹಿಡಿತವಿದೆ. ಭಟ್ಟಿಯ ಶಾಖ ಅಳೆಯುವ ತಂತಿಯನ್ನು ಅವರೇ ಬಿಚ್ಚಿ ಹೊಸದು ಹಾಕಿದರು. ಕೊಳವೆಯ ಕೆಂಪನ್ನು ಬಾಗಿಲ ಸಂದಿಯಿಂದ ನೋಡಿ ಶಾಖ ಸರಿಯಿದೆ, ತಪ್ಪು ಭಟ್ಟಿಯದಲ್ಲ ಎಂದು ಹೇಳಿದವರೂ ಅವರೇ. ಇನ್ನೊಂದು ಮಾತನ್ನೂ ಅವರು ಹೇಳಿದ್ದರು: ಮೊದಲ ಸಲದ ಕರಿಯನ್ನು ಆಸಿಡ್ಡಿನಲ್ಲಿ ತೊಳೆಯುವಾಗ ನೊರೆ ಉಕ್ಕಿತ್ತು, ಈಗ ಉಕ್ಕುವುದಿಲ್ಲ. ರಂಜನಾ ತನ್ನ ನೋಟುಬುಕ್ಕು ತೆರೆದು ನೋಡಿದಳು. "ಸ್ವಲ್ಪ ನೊರೆ" ಎಂದು ತಾನೇ ಬರೆದದ್ದಿತ್ತು. ಆಸಿಡ್ಡು ಆಗ ಗಟ್ಟಿಯಿದ್ದೀತು ಎಂದು ಮುಂದಕ್ಕೆ ಹೋದಳು. ನೋಟುಬುಕ್ಕಿನಲ್ಲಿ ಶಾಖವಿತ್ತು, ಸಮಯವಿತ್ತು, ಅನಿಲದ ಹರಿವಿತ್ತು. ಬೆಂಡನ್ನು ಸ್ವಚ್ಛ ಮಾಡಿದ್ದು ಹೇಗೆಂಬುದು ಮಾತ್ರ ಇರಲಿಲ್ಲ. ಆ ಕೆಲಸ ಮನೆಯಲ್ಲಿ ಆಗಿತ್ತು, ಅದನ್ನು ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಾರ್ಚ್ ಮೂರನೆಯ ವಾರ ರಾಘವೇಂದ್ರ ಅವಳನ್ನು ಕರೆಸಿಕೊಂಡರು. ಸಿಟ್ಟು ಮಾಡುವ ಮನುಷ್ಯರಲ್ಲ. ಚಹಾ ತರಿಸಿದರು, ಅವಳು ಕುಡಿದು ಮುಗಿಸುವ ತನಕ ಕಾದರು.

"ಬಾರದ್ದನ್ನ ಬಂತು ಅಂತ ಬರಿಯೋದು ಬ್ಯಾಡ್ರಿ ರಂಜನಾ," ಎಂದರು. "ಏಪ್ರಿಲ್ ಮೂವತ್ತರ ತನಕ ನೋಡೋಣು. ಬರಲಿಲ್ಲಂದ್ರ ಪ್ರಬಂಧ ಹಿಂದಕ್ಕ ತಗೋತೇವಿ ಅಂತ ನಾನ ಪತ್ರ ಬರೀತೇನಿ. ನಿಮ್ಮ ಹೆಸರು ಕೆಡೋದಿಲ್ಲ. ಕೆಟ್ಟರ ಇಬ್ಬರದೂ ಕೂಡೇ ಕೆಡತದ."

ಪ್ರಬಂಧ ಹಿಂದಕ್ಕೆ ಹೋದರೆ ಥೀಸಿಸ್ಸಿನ ಮುಖ್ಯ ಅಧ್ಯಾಯವೂ ಅದರೊಂದಿಗೆ ಹೋಗುತ್ತದೆ. ಅವಳ ನೋಂದಣಿಯ ಅವಧಿ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಒಂದು ಸಲ ವಿಸ್ತರಣೆ ಸಿಕ್ಕಾಗಿತ್ತು, ಎರಡನೆಯದು ಇಲ್ಲ. ಥೀಸಿಸ್ ಒಪ್ಪಿಸದಿದ್ದರೆ ಆರು ವರ್ಷದ ಕೆಲಸಕ್ಕೆ ಪದವಿಯಿಲ್ಲ, ಮುಂದಿನ ವರ್ಷ ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಪಿಎಚ್‌.ಡಿ. ಇದ್ದವರ ಹಿಂದೆ ನಿಲ್ಲಬೇಕು, ಹಾಗೆ ನಿಂತವರಿಗೆ ಹಾನಗಲ್ಲಿನಲ್ಲಿ ಪಾಠದ ತಾಸು ಸಿಗುವುದು ಕಷ್ಟ. ಧಾರವಾಡದಿಂದ ಹಿಂದಿರುಗುವ ಬಸ್ಸಿನಲ್ಲಿ ರಂಜನಾ ಪತ್ರಿಕೆಗೆ ಬರೆಯಬೇಕಾದ ನಾಲ್ಕು ಸಾಲನ್ನು ತಾನೇ ಫೋನಿನಲ್ಲಿ ಟೈಪು ಮಾಡಿಟ್ಟಳು. ಸರ್ ಕೈಯಿಂದ ಅದನ್ನು ಬರೆಸಬಾರದು ಎನಿಸಿತ್ತು.

ಮನೆಯಲ್ಲಿ ಇದನ್ನು ಶಂಭುಲಿಂಗನಿಗೆ ಮಾತ್ರ ಹೇಳಿದಳು. ಡಿಪೊದಲ್ಲಿ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಬಸ್ಸು ಬಂದರೆ ಒಂದು ಓಡುತ್ತದೆ, ಒಂದು ಓಡುವುದಿಲ್ಲ, ಅಂಥ ಹೊತ್ತಿನಲ್ಲಿ ತಾವು ಮೊದಲು ಕೇಳುವುದು ಎಂಜಿನ್ನನ್ನಲ್ಲ, ಹಿಂದೆ ಅದನ್ನು ಯಾರು ಮುಟ್ಟಿದ್ದರು ಎಂಬುದನ್ನು, ಎಂದ. ಅವಳು ತಲೆಯಾಡಿಸಿದಳು. ಮುಟ್ಟಿದವರು ತಾನು ಮತ್ತು ದಾದಾಪೀರಣ್ಣ ಇಬ್ಬರೇ ಎಂದು ಅವಳ ಎಣಿಕೆಯಾಗಿತ್ತು.

ಯುಗಾದಿಗೆ ಒಂಬತ್ತು ದಿನ ಮುಂಚೆ, ರವಿವಾರ, ಸರೋಜವ್ವ ಕೌದಿ ತೊಳೆಯಲು ತೆಗೆದರು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆಗಳು, ನೀರು ಕುಡಿದರೆ ಇಬ್ಬರು ಎತ್ತಬೇಕು. ಅಂಗಡಿಯ ಪುಡಿಯಲ್ಲಿ ಕೌದಿಯ ಜಿಡ್ಡು ಹೋಗುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಹತ್ತಿಕಟ್ಟಿಗೆಯ ಬೂದಿಯನ್ನು ಹಿಂದಿನ ದಿನವೇ ನೀರಲ್ಲಿ ಕದಡಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಆ ತಿಳಿಯಲ್ಲಿ ಕೌದಿ ಕುದಿಸುತ್ತಾರೆ. ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕುದಿಯುತ್ತಿತ್ತು. ರಂಜನಾ ಸೀರೆ ಎತ್ತಿ ಕಟ್ಟಿ, ತಾನು ಹಿಂಡುತ್ತೇನೆ ಬಿಡಿ ಎಂದು ಮುಂದೆ ಬಂದಳು.

"ಬ್ಯಾಡ ತಾಯಿ," ಎಂದರು ಸರೋಜವ್ವ. ತಾಯಿ ಎಂದದ್ದರಲ್ಲಿ ಅಕ್ಕರೆ ಇರಲಿಲ್ಲ. "ನಮ್ಮ ಕೆಲಸ ನಿಮಗೆಲ್ಲಿ ಸೇರತೈತಿ? ಆ ವರ್ಷ ಇದ ಹಂಡೇದಾಗ ನಿನ್ನ ಬೆಂಡು ಕುದಿಸಿ ಕೈಯಾಗಿನ ತೊಗಲು ಕಿತ್ತು ಹೋತು. ಮುಂದಿನ ವರ್ಷ ನೋಡಿದ್ರ ಅಬಲೂರಿನ ಬೆಂಡು ಬಂದು ಕುಂತಿದ್ವು. ನಮ್ಮನಿಯವು ಧಾರವಾಡದವ್ರಿಗೆ ಹೊಲಸು ಕಂಡಿರಬೇಕು ಅಂತ ನಾನೂ ಸುಮ್ಮನಾದೆ."

ಹಂಡೆ ತಿರುವುವ ಕೋಲಿಗೆ ಕೈ ಹಾಕಿದ್ದ ರಂಜನಾ ಅತ್ತೆಯ ಕಡೆ ತಿರುಗಿದಳು. "ಬೆಂಡು ಕುದಿಸಿದ್ರಿ?"

"ಮತ್ತ? ಕಣದಾಗಿನ ಧೂಳು ಹಚ್ಕೊಂಡು ಹಂಗ ಕಾಲೇಜಿಗೆ ಹೋಗಬೇಕಿತ್ತೇನು? ಹಂಸಭಾವ್ಯಾಗ ನೀರಿಲ್ಲೇನು ಅಂತಿದ್ರು ಮಂದಿ."

ಉಳಿದದ್ದನ್ನು ಅವಳು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಸರೋಜವ್ವನಿಗೆ ಇದೆಲ್ಲ ಕೇಳುವ ಮಾತೇ ಎನಿಸಿದರೂ ಹೇಳುತ್ತ ಹೋದರು. ಬೆಂಡು ದೂರದ ಊರಿನ ದೊಡ್ಡವರ ಕೈಗೆ ಹೋಗುವುದೆಂದು ತಿಳಿದು, ಬರೀ ನೀರಲ್ಲಿ ತೊಳೆದರೆ ಮರ್ಯಾದೆಯಲ್ಲ ಎಂದು, ಕೌದಿಗೆ ಮಾಡುವಂತೆಯೇ ಬೂದಿಯ ತಿಳಿಯಲ್ಲಿ ಅರ್ಧ ದಿನ ಕುದಿಸಿದ್ದರು. ರಾತ್ರಿಯಿಡೀ ಅದರಲ್ಲೇ ಬಿಟ್ಟಿದ್ದರು. ಬೆಳಿಗ್ಗೆ ಬರಿಗೈಯಿಂದಲೇ ತೆಗೆದು ಚಾಪೆಯ ಮೇಲೆ ಹರವಿದ್ದರು. ಅಂಗೈ ಒಡೆದದ್ದು ಆಗ, ತೆನೆ ಸುಲಿದದ್ದರಿಂದಲ್ಲ.

ಕೇಳಬೇಕಾದದ್ದನ್ನು ರಂಜನಾ ಕೊನೆಯದಾಗಿ ಕೇಳಿದಳು. "ಅತ್ತಿ, ಕುದಿಸಿದ ಮ್ಯಾಲೆ ಒಳ್ಳೆ ನೀರಾಗ ಜಾಲಿಸಿದ್ರ್ಯಾ?"

"ಜಾಲಿಸೂದ್ಯಾಕ?" ಸರೋಜವ್ವ ಸೊಸೆಯ ಮುಖ ನೋಡಿದರು. "ತಿಳಿ ಹೀರ್ಕೊಂಡು ಒಣಗಿದ್ರ ಹುಳ ಹತ್ತೂದಿಲ್ಲ. ಅವರಿಕಾಳಿಗೆ ಬೂದಿ ಹಚ್ಚಿ ಇಡೂದು ಮತ್ತ್ಯಾತಕ್ಕ? ಇಷ್ಟು ಓದಿದಾಕಿ ಇದು ಗೊತ್ತಿಲ್ಲೇನು ನಿನಗ?"

ರಂಜನಾ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಗೊತ್ತಿತ್ತು. ಕಟ್ಟಿಗೆಯ ಬೂದಿಯ ತಿಳಿಯಲ್ಲಿ ಇರುವುದು ಬಹುಪಾಲು ಪೊಟ್ಯಾಶಿಯಂ ಕಾರ್ಬೊನೇಟ್ ಎಂದು ಅವಳೇ ಪ್ರತಿ ವರ್ಷ ಬಿ.ಎಸ್‌ಸಿ. ಮೊದಲ ವರ್ಷದವರಿಗೆ ಪಾಠ ಹೇಳುತ್ತಾಳೆ. ಇದ್ದಲಿನಲ್ಲಿ ರಂಧ್ರ ತೆರೆಯುವ ರಾಸಾಯನಿಕಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಆಸಿಡ್ಡು ಬಿದ್ದರೆ ನೊರೆ ಉಕ್ಕಿಸುವುದೂ ಅದೇ. ದಾದಾಪೀರಣ್ಣ ಸರಿಯಾಗಿಯೇ ನೋಡಿದ್ದರು. ಬೆಂಡು ತಾನಾಗಿ ತೆರೆದುಕೊಂಡಿರಲಿಲ್ಲ. ಅತ್ತೆ ತೆರೆಸಿದ್ದರು. ಮುಂದಿನ ವರ್ಷ ಅವರ ಕೈಗೆ ನೋವಾಗಬಾರದೆಂದು ತಾನು ಮಾಡಿದ ಉಪಕಾರದಿಂದಲೇ ಎಲ್ಲ ಕೆಟ್ಟಿತ್ತು, ಅದರಿಂದಲೇ ಅವರ ಮನಸ್ಸೂ ನೊಂದಿತ್ತು.

ಅದನ್ನು ಅವಳು ಹಾಗೆಯೇ ಹೇಳಿದಳು: ಹೊಲಸು ಕಂಡದ್ದಲ್ಲ, ನಿಮ್ಮ ಕೈ ನೋಡಿ ಬೇಡವೆನಿಸಿತ್ತು, ತಪ್ಪಾಯಿತು ಎಂದು. ಸರೋಜವ್ವ ಹಂಡೆಯನ್ನು ತಿರುವಿ ಕೋಲು ಬದಿಗಿಟ್ಟರು. ಆಮೇಲೆ, ಹಾಗಾದರೆ ಆವಾಗಲೇ ಬಾಯಿಬಿಟ್ಟು ಹೇಳಬೇಕಿತ್ತು, ಎರಡು ತಿಂಗಳು ಸುಮ್ಮನೆ ಸಿಟ್ಟು ಹಿಡಿದುಕೊಂಡು ಕೂತಿದ್ದೆ, ಅದೂ ಒಂದು ಭಾರವೇ, ಎಂದರು. ಕೌದಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು.

ಮರುದಿನ ರಂಜನಾ ಏಳು ಹತ್ತರ ಬಸ್ಸಿಗೆ ಐದು ಲೀಟರಿನ ಕ್ಯಾನು ಹಿಡಿದು ಹತ್ತಿದಳು. ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ಹೂವಿನವಳು ಏನೆಂದು ಕೇಳಿದಾಗ ಬೂದಿಯ ನೀರು ಎಂದಳು. ಹೂವಿನವಳು ತನ್ನ ಬುಟ್ಟಿ ಸರಿಸಿ ಕ್ಯಾನಿಗೆ ಜಾಗ ಮಾಡಿಕೊಟ್ಟಳು.

ಅಬಲೂರಿನ ಬೆಂಡನ್ನು ಮೂರು ಪಾಲು ಮಾಡಿದಳು. ಒಂದನ್ನು ಬರೀ ನೀರಲ್ಲಿ, ಒಂದನ್ನು ಅತ್ತೆಯ ತಿಳಿಯಲ್ಲಿ, ಒಂದನ್ನು ಅಂಗಡಿಯಿಂದ ತರಿಸಿದ ಶುದ್ಧ ಪೊಟ್ಯಾಶಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಕುದಿಸಿದಳು. ಒಂದು ರಾತ್ರಿ ಬಿಟ್ಟಳು. ಕಾಲೇಜಿನ ತಾರಸಿಯ ಮೇಲೆ ಎರಡು ದಿನ ಒಣಗಿಸಿದಳು. ಈ ಸಲ ನೋಟುಬುಕ್ಕಿನಲ್ಲಿ ಬೂದಿ ಯಾವ ಕಟ್ಟಿಗೆಯದು, ಎಷ್ಟು ನೀರಿಗೆ ಎಷ್ಟು ಸೇರು, ಎಷ್ಟು ಪದರದ ಬಟ್ಟೆಯಲ್ಲಿ ಸೋಸಿದ್ದು, ಎಲ್ಲವನ್ನೂ ಬರೆದಳು. ಅಳತೆಗಾಗಿ ಅತ್ತೆಗೆ ಮೂರು ಸಲ ಫೋನು ಮಾಡಬೇಕಾಯಿತು. ಮೂರನೆಯ ಸಲ ಅವರು, ಕೈಯಳತೆಯನ್ನು ಫೋನಿನಲ್ಲಿ ಹೇಗೆ ತೋರಿಸಲಿ, ಸಂಜೆ ಮನೆಗೆ ಬಾ ಎಂದು ಇಟ್ಟುಬಿಟ್ಟರು.

ಶುಕ್ರವಾರ ಭಟ್ಟಿಯಿಂದ ತೆಗೆದ ಮೂರೂ ಕರಿಗಳನ್ನು ದಾದಾಪೀರ ಸಾಲಾಗಿ ಇಟ್ಟು ಆಸಿಡ್ಡು ಸುರಿದರು. ಮೊದಲನೆಯದು ಸುಮ್ಮನೆ ಕೂತಿತ್ತು. ಎರಡನೆಯದಕ್ಕೆ ಬಿದ್ದೊಡನೆ ನೊರೆ ಉಕ್ಕಿ ಬೀಕರಿನ ಅಂಚಿಗೆ ಬಂತು, ಮೂರನೆಯದಕ್ಕೂ ಹಾಗೆಯೇ.

"ಬಂತ್ರಿ ಮೇಡಂ," ಎಂದರು ಅವರು. "ಅವತ್ತಿಂದೂ ಇದ ನೊರಿ. ನಾ ಹೇಳಿದ್ರ ನೀವು ಆಸಿಡ್ ಗಟ್ಟಿ ಅಂದ್ರಿ."

ರಂಜನಾ ಒಪ್ಪಿಕೊಂಡಳು. ಅವತ್ತು ಅವರ ಮಾತು ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು ಎಂದಳು. ಎರಡು ತಿಂಗಳು ಉಳಿದಿದ್ದರೆ ಭಟ್ಟಿಯ ತಂತಿ ಹಾಕುವುದನ್ನು ತಾನು ಎಲ್ಲಿ ಕಲಿಯುತ್ತಿದ್ದೆ ಎಂದು ಅವರು ನಕ್ಕರು.

ಧಾರವಾಡದ ಅಳತೆ ಬಂದದ್ದು ಯುಗಾದಿಯಾದ ಒಂದು ವಾರಕ್ಕೆ. ಬರೀ ನೀರಿನದು ಮುನ್ನೂರ ಐವತ್ತು. ಅತ್ತೆಯ ತಿಳಿಯದು ಸಾವಿರದ ನೂರಾ ಅರವತ್ತು. ಶುದ್ಧ ರಾಸಾಯನಿಕದ್ದು ಸಾವಿರದ ಇನ್ನೂರ ಹತ್ತು. ರಾಘವೇಂದ್ರ ಹಾಳೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. ಅವಳು ಹಿತ್ತಲಿನ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಅವರು ನಕ್ಕದ್ದು ಆ ಕೋಣೆಯಲ್ಲಿ ಅವಳು ಕೇಳಿದ ಮೊದಲ ನಗು.

ನಗು ಮುಗಿದ ಮೇಲೆ ಇಬ್ಬರಿಗೂ ಗೊತ್ತಿದ್ದ ಮಾತಿಗೆ ಬರಬೇಕಾಯಿತು. ಅಂಕಿ ಮರಳಿ ಬಂದಿತ್ತು, ಆದರೆ ಪ್ರಬಂಧದ ಮಾತು ಸುಳ್ಳಾಗಿತ್ತು. ಏನೂ ಬೆರೆಸದೆ ರಂಧ್ರ ತೆರೆಯುತ್ತದೆ ಎಂದು ಬರೆದಿದ್ದರು, ಬೆರೆತಿತ್ತು. ಪೊಟ್ಯಾಶಿಯಂ ಕಾರ್ಬೊನೇಟಿನಿಂದ ರಂಧ್ರ ತೆರೆಯುವುದು ಹೊಸ ಸಂಗತಿಯೂ ಅಲ್ಲ. ಹತ್ತು ಸಾವಿರ ಸಲದ ಪರೀಕ್ಷೆ ಮಾಡಿ ಕಳಿಸಿಬಿಟ್ಟರೆ ಪರಿಶೀಲಕರು ಒಪ್ಪುತ್ತಿದ್ದರು, ಯಾರೂ ಹಿತ್ತಲಿಗೆ ಬಂದು ನೋಡುತ್ತಿರಲಿಲ್ಲ. ಆ ಮಾತನ್ನು ಇಬ್ಬರೂ ಆಡಲಿಲ್ಲ. ರಂಜನಾ ಫೋನಿನಲ್ಲಿದ್ದ ನಾಲ್ಕು ಸಾಲನ್ನು ತೆರೆದು ತೋರಿಸಿದಳು. ರಾಘವೇಂದ್ರ ಒಂದು ಸಾಲು ಸೇರಿಸಿದರು: ಬೆಂಡನ್ನು ಮನೆಯಲ್ಲಿ ಬೂದಿಯ ತಿಳಿಯಲ್ಲಿ ಕುದಿಸಿದ್ದು ಲೇಖಕರ ಗಮನಕ್ಕೆ ಬಂದಿರಲಿಲ್ಲ. ಏಪ್ರಿಲ್ ಹತ್ತೊಂಬತ್ತರಂದು ಇಬ್ಬರೂ ಸಹಿ ಮಾಡಿ ಪ್ರಬಂಧವನ್ನು ಹಿಂದಕ್ಕೆ ಪಡೆದರು.

ಉಳಿದ ಹತ್ತು ವಾರಗಳಲ್ಲಿ ಅವಳು ಆ ಅಧ್ಯಾಯವನ್ನು ಮೊದಲಿಂದ ಬರೆದಳು. ಹೊಸ ಮಾತು ಮೊದಲಿನದಕ್ಕಿಂತ ಸಣ್ಣದು: ಅಂಗಡಿಯ ರಾಸಾಯನಿಕದ ಬದಲು ಹತ್ತಿಕಟ್ಟಿಗೆಯ ಬೂದಿಯ ತಿಳಿ ಸಾಕು, ಅಂತರ ಶೇಕಡಾ ಐದರಷ್ಟೂ ಇಲ್ಲ. ಹೊಲದಲ್ಲಿ ಬಿದ್ದ ಬೆಂಡು, ಒಲೆಯಲ್ಲಿ ಉಳಿದ ಬೂದಿ, ಎರಡೂ ಒಂದೇ ಊರಿನಲ್ಲಿ ಸಿಗುತ್ತವೆ. ಸಣ್ಣದಾದರೂ ಇದು ಪ್ರತಿ ಸಲವೂ ಬಂತು. ಹತ್ತು ಸಾವಿರ ಸಲ ಚಾರ್ಜ್ ಮಾಡಿದ ಮೇಲೂ ವಿದ್ಯುತ್ತು ಹಿಡಿಯುವ ಶಕ್ತಿ ನೂರಕ್ಕೆ ತೊಂಬತ್ತಾರು ಪಾಲು ಉಳಿಯಿತು. ಆ ಪರೀಕ್ಷೆ ಹಗಲೂ ರಾತ್ರಿ ನಡೆಯುವಂಥದು. ಧಾರವಾಡದ ಯಂತ್ರವನ್ನು ಅವಳಿಗಾಗಿ ಎರಡು ವಾರ ಬಿಟ್ಟುಕೊಟ್ಟವಳು ವಿಭಾಗದ ಇನ್ನೊಬ್ಬ ವಿದ್ಯಾರ್ಥಿನಿ ವೃಂದಾ. ತನ್ನ ಕೆಲಸವನ್ನು ಹಿಂದೆ ಹಾಕಿಕೊಂಡದ್ದನ್ನು ಅವಳು ರಂಜನಾಳಿಗೆ ತಿಳಿಸಲೂ ಇಲ್ಲ. ಅದು ತಿಳಿದದ್ದು ಆಮೇಲೆ, ಬೇರೆಯವರಿಂದ. ಜೂನ್ ಇಪ್ಪತ್ತೇಳರಂದು ಥೀಸಿಸ್ ಒಪ್ಪಿಸಿಯಾಯಿತು.

ಥೀಸಿಸ್ಸಿನ ಮೊದಲಲ್ಲಿ ಕೃತಜ್ಞತೆಯ ಪುಟ ಒಂದೂವರೆ ಪುಟವಾಗಿದೆ. ಭಟ್ಟಿ ತರಿಸಿದ ಪ್ರಾಂಶುಪಾಲರು, ನೊರೆ ನೋಡಿದ ದಾದಾಪೀರ, ಯಂತ್ರ ಬಿಟ್ಟುಕೊಟ್ಟ ವೃಂದಾ, ಹಿಂದೆ ಯಾರು ಮುಟ್ಟಿದ್ದರು ಎಂದು ಕೇಳಲು ಹೇಳಿದ ಶಂಭುಲಿಂಗ, ಎಲ್ಲರೂ ಇದ್ದಾರೆ. ಅತ್ತೆಯ ಬಗ್ಗೆ ಬರೆದದ್ದನ್ನು ಅವಳು ಒಪ್ಪಿಸುವ ಮುಂಚೆ ಮನೆಯಲ್ಲಿ ಓದಿ ಹೇಳಿದ್ದಳು. ಸರೋಜವ್ವ ಪೂರ್ತಿ ಕೇಳಿದರು. ಹೆಸರು ಇರಲಿ, ಆದರೆ ಬೂದಿ ಎಂಬುದನ್ನು ತೆಗೆ, ಈ ಮನೆಯ ಹೆಂಗಸರು ಬೂದಿ ಮಾರುತ್ತಾರೆಂದು ಓದಿದವರು ತಿಳಿದಾರು ಎಂದರು. ಬೂದಿಯನ್ನು ತೆಗೆದರೆ ಉಳಿಯುವುದೇನೂ ಇಲ್ಲ ಎಂದು ರಂಜನಾ ಬಹಳ ಹೊತ್ತು ಒಪ್ಪಿಸಬೇಕಾಯಿತು. ಕೊನೆಗೆ ಮಹಾಲಿಂಗಪ್ಪ ನಡುವೆ ಬಂದು, ಬೂದಿ ಹತ್ತಿಕಟ್ಟಿಗೆಯದು, ಕಟ್ಟಿಗೆ ತನ್ನ ಹೊಲದ್ದು, ಹೀಗಾಗಿ ತನ್ನ ಹೆಸರೂ ಬರಬೇಕು ಎಂದರು. ಆ ಸಾಲಿನಲ್ಲಿ ಈಗ ಇಬ್ಬರ ಹೆಸರೂ ಇದೆ, ಬೂದಿಯೂ ಇದೆ.

ಹೊಸ ಪ್ರಬಂಧ ಬೇರೊಂದು ಪತ್ರಿಕೆಗೆ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ. ಥೀಸಿಸ್ಸಿನ ಇಬ್ಬರು ಪರೀಕ್ಷಕರ ವರದಿಗಳು ಡಿಸೆಂಬರಿನಲ್ಲಿ ಬಂದವು. ಇಬ್ಬರೂ ಒಪ್ಪಿದ್ದಾರೆ. ಮೌಖಿಕ ಪರೀಕ್ಷೆ ಫೆಬ್ರುವರಿ ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಧಾರವಾಡದಲ್ಲಿ. ಅದು ಎಲ್ಲರಿಗೂ ತೆರೆದದ್ದು. ಶಂಭುಲಿಂಗ ಅವತ್ತಿಗೆ ರಜೆ ಬರೆದುಕೊಟ್ಟಿದ್ದಾನೆ.